ಬಲಗಡೆಯ ಝೂಮರ್

ಲಾಹೋರ್, ಭಾಟಿ ದರವಾಜಾ
9 ಅಕ್ಟೋಬರ್ 1996

ಮಗಳೇ ತಹ್ಮೀನಾ,

ಒಂದು ಅಪರಾಧ ಒಪ್ಪಿಕೊಳ್ಳುವುದಿದೆ. ನಿಂತು ಓದುತ್ತಿದ್ದರೆ ಕೂತುಕೋ.

ಇಂದು, ಬುಧವಾರ ಬೆಳಿಗ್ಗೆ ಎಂಟು ಗಂಟೆಗೆ, ಅರವತ್ತೊಂದು ವರ್ಷ ಪ್ರಾಯದ, ಅವಿವಾಹಿತನಾದ, ನಿವೃತ್ತ ಇತಿಹಾಸ ಉಪನ್ಯಾಸಕ ತಜಮ್ಮುಲ್ ಹುಸೇನ್ ಎಂಬ ನಾನು, ಸ್ವಸ್ಥ ಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ, ಟ್ರಂಕಿನ ಬೀಗ ತೆಗೆದು, ಮದುಮಗಳ ದುಪಟ್ಟಾ ಒಂದನ್ನು ತಲೆಯ ಮೇಲೆ ಹೊದ್ದು ಕನ್ನಡಿಯ ಮುಂದೆ ನಿಂತೆ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಹಾಲಿನ ಸಿದ್ದೀಕ್ ಕ್ಯಾನಿನ ಸಮೇತ ಒಳಗೆ ಬಂದವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮುಬಾರಕ್ ಪ್ರೊಫೆಸರ್ ಸಾಹೇಬ್ರೇ. ಗಂಡು ಯಾವ ಊರು?" ಅಂದ.

ಇಷ್ಟರಲ್ಲಿ ಇಡೀ ಗಲ್ಲಿಗೆ ಸುದ್ದಿ ಮುಟ್ಟಿದೆ. ಹಾಲಿಗೆ ನೀರು ಬೆರೆಸುವವನು ಸುದ್ದಿಗೆ ಏನೇನು ಬೆರೆಸಿರಬಹುದು ನೀನೇ ಊಹಿಸು.

ನನ್ನ ಪರವಾಗಿ ಹೇಳುವುದಾದರೆ, ಅದರ ತೂಕ ನೋಡಬೇಕಿತ್ತು. ನಿನ್ನ ಅಮ್ಮನ ದುಪಟ್ಟಾ ಅದು. ನಿನಗೆ ನಾಲ್ಕು ವರ್ಷವಿದ್ದಾಗ ತೀರಿಕೊಂಡ ನನ್ನ ತಂಗಿ ಖುರ್ಷೀದ್, ಅದನ್ನೂ ಆ ದಾಳಿಂಬೆ ಕೆಂಪಿನ ಘರಾರಾವನ್ನೂ ತೊಟ್ಟು ಮದುಮಗಳಾದದ್ದು 1969ರಲ್ಲಿ. ನೆರಿಗೆ ಲಂಗದ ಹಾಗಿರುವ ಆ ಘರಾರಾ ನೆಲದ ಮೇಲೆ ಮೂರು ಗಜ ಹರಡಿಕೊಳ್ಳುತ್ತದೆ, ಹಿಂದಿನಿಂದ ಎತ್ತಿ ಹಿಡಿಯಲು ಇಬ್ಬರು ಬೇಕು. ನಿನ್ನ ವಲೀಮಾಕ್ಕೆ, ಗಂಡಿನ ಮನೆಯವರು ಕೊಡುವ ಔತಣಕ್ಕೆ, ಅದನ್ನೇ ತೊಡುತ್ತೇನೆ ಎಂದು ನೀನು ಬರೆದಾಗ ನಾನು ಕನ್ನಡಕ ಒರೆಸಿಕೊಂಡೆ. ಕನ್ನಡಕದಲ್ಲಿ ಏನೂ ಇರಲಿಲ್ಲ.

ಮಧ್ಯಾಹ್ನ ಅದನ್ನು ಉಸ್ತಾದ್ ಬೂಟಾನ ಬಳಿಗೆ ಒಯ್ದೆ. ಕಸೂತಿ ಚೌಕಟ್ಟಿನ ಮುಂದೆ ಕೂತು ಕೂತು ಆ ಮನುಷ್ಯನ ಬೆನ್ನು ಸೂಜಿಯ ಹಾಗೆ ಅಲ್ಲ, ಸೂಜಿಯ ಕಣ್ಣಿನ ಹಾಗೆ ಬಾಗಿದೆ. ಅಂಚನ್ನು ಬೆರಳಲ್ಲಿ ಉಜ್ಜಿ ಹೇಳಿದ: "ಬಾವೂಜೀ, ಇದು ಬೆಳ್ಳಿ ಜರಿ. ಈಗ ಬರೋದು ಬೆಳ್ಳಿ ಅನ್ನೋ ಹೆಸರು ಕೇಳಿರೋ ಪ್ಲಾಸ್ಟಿಕ್ಕು." ನಾನೆಂದೆ, "ಜರಿ ಹೋದ ಕಡೆ ಹೊಸತು ಹಾಕು, ಹಳೆಯದನ್ನ ಮಾತ್ರ ಜರೀಬೇಡ." ಅವನು ನಗಲಿಲ್ಲ. ನನ್ನ ವಿದ್ಯಾರ್ಥಿಗಳೂ ನಗುತ್ತಿರಲಿಲ್ಲ.

ಒಂದು ಮಾತು ಮರೆಯಬೇಡ. ತಲೆಯ ಪಕ್ಕದಲ್ಲಿ ಬೀಸಣಿಗೆಯ ಹಾಗೆ ಇಳಿಬೀಳುವ ಒಡವೆ, ಆ ಝೂಮರನ್ನು ಊರೆಲ್ಲ ಎಡಕ್ಕೆ ಸಿಕ್ಕಿಸುತ್ತದೆ. ನಮ್ಮ ಮನೆಯವರು ಮಾತ್ರ ಬಲಕ್ಕೆ. ನಾನೇ ತೆಗೆದು, ನಾನೇ ತೊಳೆದು, ನಾನೇ ಮುದ್ರಿಸಿದ ನಿನ್ನ ಅಮ್ಮನ ಫೋಟೋ ನಿನ್ನ ಮೇಜಿನ ಮೇಲೇ ಇದೆಯಲ್ಲ, ನೋಡಿಕೋ. ಇದು ಪಾಣಿಪತ್ತಿನಿಂದ ನಮ್ಮ ಅಜ್ಜಿಯ ಜೊತೆ ಬಂದ ಪದ್ಧತಿ. ಎಡಗೈಯಲ್ಲಿ ಮಗು, ಎಡಗಡೆ ಅದರ ತಲೆ; ಝೂಮರ್ ಅದಕ್ಕೆ ಚುಚ್ಚಬಾರದು ಎಂದು ಬಲಕ್ಕೆ. ಅಜ್ಜಿಯ ತೊಡೆಯ ಮೇಲೆ ಕೂತು ಕಣ್ಣಾರೆ ಕಂಡವನು ನಾನು. ನಿನ್ನ ಮಾಮೂ ಮಾಮೂಲಿ ಮನುಷ್ಯನಲ್ಲ!

ತಜಮ್ಮುಲ್ ಮಾಮೂ

---

ಬಹಾವಲ್‌ಪುರ
17 ಅಕ್ಟೋಬರ್ 1996

ಮಾಮೂಜಾನ್, ಸಲಾಂ.

ದುಪಟ್ಟಾದಲ್ಲಿ ನೀವು ಹೇಗೆ ಕಾಣುತ್ತಿದ್ದಿರಿ ಎಂದು ಬರೆಯಲೇ ಇಲ್ಲ. ಸಿದ್ದೀಕನನ್ನೇ ಕೇಳಬೇಕು.

ಇಲ್ಲಿ ಎಲ್ಲ ಚೆನ್ನಾಗಿದೆ. ಕರಾಚಿಯಿಂದ ಕುದ್ಸಿಯಾ ಬೇಗಂ ಬಂದು ಮೂರು ದಿನ ಇದ್ದು ಹೋದರು. ಮದುಮಗ ಮುನೀಬನ ತಾಯಿ ಅಂದರೆ ಇನ್ನು ಮೇಲೆ ನನಗೂ ತಾಯಿ ಎಂದು ಅಪ್ಪನ ಅಕ್ಕ ರಈಸಾ ಅತ್ತೆ ಹೇಳಿಕೊಟ್ಟಿದ್ದಾರೆ. ಗಂಡಿನ ದಿಬ್ಬಣ ಇಲ್ಲಿಗೆ ಬರುವ ಬಾರಾತ್ ದಿನದ ಉಡುಪಿನ ಮಾದರಿ ತಂದಿದ್ದರು. ಅದು ಗಂಡಿನ ಮನೆಯ ಹಕ್ಕು, ನಾನು ಏನೂ ಅನ್ನಲಿಲ್ಲ. ಹಾಲು ಹೆಚ್ಚಾದ ಚಹಾದಂಥ ಗುಲಾಬಿ. ಈ ವರ್ಷ ಕರಾಚಿಯಲ್ಲಿ ಎಲ್ಲರೂ ಅದನ್ನೇ ಕುಡಿಯುತ್ತಿದ್ದಾರಂತೆ, ಅಲ್ಲ, ತೊಡುತ್ತಿದ್ದಾರಂತೆ.

ವಲೀಮಾಕ್ಕೆ ಅಮ್ಮನ ಘರಾರಾ ಎಂದಾಗ, "ತೊಡು ಮಗಳೇ, ನಿನ್ನ ತಾಯಿಯ ಮನೆಯದು, ನಾನು ಬೇಡ ಅಂತೀನಾ?" ಅಂದರು. ಆಮೇಲೆ ಬಟ್ಟೆಯ ಮಾದರಿಯನ್ನು ನನ್ನ ಕೆನ್ನೆಯ ಪಕ್ಕ ಹಿಡಿದು ಒಮ್ಮೆ ಅದನ್ನು, ಒಮ್ಮೆ ನನ್ನನ್ನು ನೋಡಿದರು. ಎರಡೂ ದಿನದ ಅಲಂಕಾರಕ್ಕೆ ಅವರ ಪಾರ್ಲರಿನ ರೂಹೀ ಬಾಜಿಯನ್ನು ಗೊತ್ತುಮಾಡಿದ್ದಾರೆ. ಆಕೆ ಫೋನಿನಲ್ಲಿ ನನ್ನೊಡನೆ ಮಾತಾಡಿದಳು: "ಚಿಂತೆ ಬೇಡ ಜಾನೂ. ಹನ್ನೊಂದಕ್ಕೆ ಕೂತರೆ ಎರಡಕ್ಕೆ ಬೇರೆ ಹುಡುಗೀನೇ ಎದ್ದು ಬರ್ತಾಳೆ." ಬೇರೆ ಹುಡುಗಿಯೇ ಬರುವುದಾದರೆ ನಾನು ಕಾಲೇಜಿಗೆ ರಜೆ ಹಾಕುವುದು ಯಾಕೆ?

ಒಂದು ಪ್ರಶ್ನೆ, ಸುಮ್ಮನೆ. ಅಮ್ಮನ ಬಣ್ಣ ಯಾವುದಿತ್ತು? ಫೋಟೋದಲ್ಲಿ ತುಂಬ ಬೆಳ್ಳಗಿದ್ದಾರೆ. ಅಪ್ಪ ಇದ್ದಿದ್ದರೆ ಅವರನ್ನೇ ಕೇಳುತ್ತಿದ್ದೆ. ರಈಸಾ ಅತ್ತೆಯನ್ನು ಕೇಳಿದರೆ, "ಹೋದವರ ಬಣ್ಣ ಕಟ್ಕೊಂಡು ಏನ್ ಮಾಡ್ತೀಯ? ಆ ಅಕ್ಕಿ ಆರಿಸು" ಎಂದರು.

ತಹ್ಮೀನಾ

---

ಲಾಹೋರ್
23 ಅಕ್ಟೋಬರ್ 1996

ಮಗಳೇ,

ಇದೂ ಒಂದು ಪ್ರಶ್ನೆಯೇ? ನಿನ್ನ ಅಮ್ಮ ಹಾಲು! ಸಿದ್ದೀಕನ ಹಾಲಲ್ಲ, ಅಪ್ಪಟ ಹಾಲು. ಅವಳು ಅಂಗಳಕ್ಕೆ ಬಂದರೆ ಪಕ್ಕದ ಮನೆಯವರು ದೀಪ ಆರಿಸಿ ಎಣ್ಣೆ ಉಳಿಸುತ್ತಿದ್ದರು. ತೃಪ್ತಿಯಾಯಿತೇ? ಮದುವೆ ಹತ್ತಿರ ಬಂದಾಗ ಹೆಣ್ಣುಮಕ್ಕಳಿಗೆ ಅಮ್ಮನ ಹೊಗಳಿಕೆ ಕೇಳುವ ಆಸೆ, ನನಗೆ ಅರ್ಥವಾಗುತ್ತದೆ.

ರೂಹೀ ಬಾಜಿಯ ಮೇಲೆ ಮುನಿಸು ಬೇಡ. ಹಣೆಗೆ ಟೀಕಾ ಇಡುವವಳ ಮೇಲೆ ನೀನು ಟೀಕೆ ಮಾಡಬಾರದು. ಆಕೆ ಬೇಸ್ ಹಚ್ಚಲಿ, ಬೇಸರ ಹಚ್ಚದಿದ್ದರೆ ಸಾಕು. ಝೂಮರ್ ಬಲಕ್ಕೆ ಎಂದು ಮಾತ್ರ ಈಗಲೇ ತಿಳಿಸಿಬಿಡು. ಇಂಥವರ ಕೈ ತಾನಾಗಿಯೇ ಎಡಕ್ಕೆ ಹೋಗುತ್ತದೆ. ಬಲದಲ್ಲಿ ಬಲವಿದೆ ಎಂದು ಹೇಳು. ನಂಬದಿದ್ದರೆ ಪಾಣಿಪತ್ತಿನ ಅಜ್ಜಿಯ ಕತೆ ಹೇಳು, ಅದಕ್ಕೂ ಜಗ್ಗದಿದ್ದರೆ ನನ್ನ ಪದವಿಗಳನ್ನು ಹೇಳು.

ಬೂಟಾ ಅಂಚಿಗೆ ಕೈ ಹಾಕಿದ್ದಾನೆ. ದಿನಕ್ಕೆ ಒಂದು ಇಂಚು ಅಂಚು.

ಮಾಮೂ

---

ಲಾಹೋರ್
11 ನವೆಂಬರ್ 1996

ತಹ್ಮೀನಾ,

ಎರಡೂವರೆ ವಾರವಾಯಿತು. ಅಂಚೆಯವನು ನನ್ನ ಮನೆ ದಾಟುವಾಗ ಮುಖ ತಿರುಗಿಸಿಕೊಳ್ಳುತ್ತಿದ್ದಾನೆ. ಭಾವೀ ಅತ್ತೆ ಫೋನು ಮಾಡಿ ಏನಾದರೂ ಅಂದರೇ? ಅತ್ತೆಯ ಮಾತಿಗೆ ಅತ್ತೆ ಎಂದು ಮಾತ್ರ ಬರೆಯಬೇಡ, ಅಷ್ಟು ಅಗ್ಗದ ಶ್ಲೇಷೆ ನನ್ನ ಮನೆತನದಲ್ಲಿ ನನಗೊಬ್ಬನಿಗೇ ಸಾಕು. ಎರಡು ಸಾಲು ಬರಿ.

ಮಾಮೂ

---

ಬಹಾವಲ್‌ಪುರ
19 ನವೆಂಬರ್ 1996

ಮಾಮೂಜಾನ್,

ಅತ್ತೆ. ಆದರೆ ಯಾವ ಅತ್ತೆಯ ಮಾತಿಗೂ ಅಲ್ಲ.

ಅಂದು ನಾನು ಬರೆಯದೆ ಬಿಟ್ಟ ಸಂಗತಿಯನ್ನು ಈಗ ಬರೆಯುತ್ತೇನೆ. ಕುದ್ಸಿಯಾ ಬೇಗಂ ಹೊರಡುವಾಗ ನನ್ನ ಕೈಯಲ್ಲಿ ಒಂದು ಡಬ್ಬಿ ಇಟ್ಟರು. ಮೇಲೆ ಹೆಸರಿಲ್ಲ, ಚೀಟಿಯಿಲ್ಲ. "ರಾತ್ರಿ ಹಚ್ಚಿ ಬೆಳಿಗ್ಗೆ ತೊಳಿ. ಮದುವೆ ಹೊತ್ತಿಗೆ ನಾಲ್ಕು ಬಣ್ಣ ಇಳಿಯುತ್ತೆ" ಎಂದರು. ಪ್ರೀತಿಯಿಂದಲೇ ಅಂದರು, ಅದೇ ಕಷ್ಟ. ನಾನು ಅದನ್ನು ಕಪಾಟಿನ ಹಿಂದೆ ಎಸೆದಿದ್ದೆ. ಆಮೇಲೆ ನಿಮಗೆ ಆ ಪ್ರಶ್ನೆ ಬರೆದೆ. ಅಮ್ಮನೂ ನನ್ನ ಹಾಗೇ ಇದ್ದರು ಎಂದು ನೀವು ಬರೆದರೆ ಡಬ್ಬಿಯನ್ನು ಹಿಂದಕ್ಕೆ ಕಳಿಸುವ ಧೈರ್ಯ ಬರುತ್ತದೆ ಎಂದುಕೊಂಡಿದ್ದೆ.

ನಿಮ್ಮ ಪತ್ರ ಬಂತು. ಹಾಲು ಎಂದಿತ್ತು.

ಅಮ್ಮನ ಘರಾರಾ, ಅಮ್ಮನ ಝೂಮರ್, ಅದರ ನಡುವೆ ಬೇರೆ ಯಾರದೋ ಮುಖ. ಹಾಗೆ ಅನ್ನಿಸಿತು. ಹೋಗಿ ಡಬ್ಬಿ ತೆಗೆದೆ. ಒಂಬತ್ತು ದಿನ ಹಚ್ಚಿದೆ. ಹತ್ತನೆಯ ದಿನ ಎಡಗೆನ್ನೆ ಬೆಂಕಿ ಬಿದ್ದ ಹಾಗಾಯಿತು. ಆಗ ನೆನಪಾಯಿತು ನಾನು ರಸಾಯನಶಾಸ್ತ್ರ ಕಲಿಸುವವಳು ಎಂದು.

ಡಬ್ಬಿಯನ್ನು ಕಾಲೇಜಿನ ಪ್ರಯೋಗಶಾಲೆಗೆ ಒಯ್ದೆ. ಚಮಚದಷ್ಟನ್ನು ತೆಗೆದು ಆಮ್ಲದಲ್ಲಿ ಕರಗಿಸಿ, ಉಜ್ಜಿ ತೊಳೆದ ತಾಮ್ರದ ಪಟ್ಟಿ ಅದ್ದಿ ಬಿಸಿ ಮಾಡಿದೆ. ಎರಡನೇ ವರ್ಷದ ಹುಡುಗಿಯರು ಸುತ್ತ ನಿಂತಿದ್ದರು. ತಾಮ್ರ ನೋಡನೋಡುತ್ತ ಬೆಳ್ಳಿಯ ಹಾಗೆ ಹೊಳೆಯತೊಡಗಿತು. "ಮಿಸ್, ಎಷ್ಟು ಚಂದ ಬೆಳ್ಳಗಾಯ್ತು!" ಎಂದಳೊಬ್ಬಳು. "ಅದು ಪಾದರಸ ಕಣೇ. ತಾಮ್ರಕ್ಕೆ ಬೆಳ್ಳಗಾಗೋದು ಅಂದ್ರೆ ಇದೇ" ಅಂದೆ. ಅಂದು ಅವರ ಮನೆಗಳಲ್ಲಿ ಎಷ್ಟು ಡಬ್ಬಿಗಳು ಕಸದ ಬುಟ್ಟಿಗೆ ಬಿದ್ದವೋ ನನಗೆ ಗೊತ್ತಿಲ್ಲ.

ವೈದ್ಯರು ಕಲೆ ಉಳಿಯಬಹುದು ಎಂದಿದ್ದಾರೆ. ಕುದ್ಸಿಯಾ ಬೇಗಂ ಮುಂದಿನ ವಾರ ಮತ್ತೆ ಬರುತ್ತಾರೆ. ಅವರ ಮುಂದೆ ಏನು ಹೇಳಲಿ ಎಂದು ತಿಳಿಯುತ್ತಿಲ್ಲ. ನನ್ನ ಮುಖ ನನ್ನದೇ ಎನ್ನಲು ನನ್ನ ಕಡೆ ಸಾಕ್ಷಿಗಳಿಲ್ಲ.

ತಹ್ಮೀನಾ

---

ಲಾಹೋರ್
22 ನವೆಂಬರ್ 1996

ಮಗಳೇ,

ಈ ಪತ್ರದಲ್ಲಿ ಶ್ಲೇಷೆಗಳಿಲ್ಲ. ಬಂದರೆ ಅದು ಚಟ, ಕ್ಷಮಿಸು.

ನಾನು ಸುಳ್ಳು ಹೇಳಿದೆ. ಬಣ್ಣ ಕೇಳಿದವಳಿಗೆ ಬಣ್ಣ ಹಚ್ಚಿ ಹೇಳಿದೆ. ನೀನು ಸಾಕ್ಷಿ ಕೇಳುತ್ತಿದ್ದೆ, ನಾನು ಮುಖಸ್ತುತಿ ಎಂದುಕೊಂಡೆ. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವನಿಗೆ ಪ್ರಶ್ನೆ ಓದುವುದು ಬರಲಿಲ್ಲ.

ನಿನ್ನ ಅಮ್ಮ ಗೋಧಿಯ ಬಣ್ಣದವಳು. ಅದೂ ಹಿಟ್ಟಿನದಲ್ಲ, ತವದಿಂದ ಈಗಷ್ಟೇ ಇಳಿಸಿದ ರೊಟ್ಟಿಯದು. ನಿನ್ನ ಮಣಿಕಟ್ಟನ್ನು ತಿರುಗಿಸಿ ನೋಡಿಕೋ, ಅದೇ ಖುರ್ಷೀದ್. ಫೋಟೋದಲ್ಲಿ ಬೆಳ್ಳಗಿರುವುದು ನನ್ನ ತಪ್ಪು. ಕ್ಯಾಮೆರಾ ಹೊಸತು, "ನಗಬೇಡ" ಎಂದಷ್ಟೂ ಅವಳು ನಗುತ್ತಿದ್ದಳು, ನಾನೂ ನಗುತ್ತ ಬೆಳಕು ಹೆಚ್ಚು ಕೊಟ್ಟೆ. ಸೂರ್ಯ ಎಂಬ ಅರ್ಥದ ಹೆಸರಿಟ್ಟುಕೊಂಡವಳನ್ನು ಹಾಗೆ ಹಿಡಿದರೆ ಬಿಳಿಯಲ್ಲದೆ ಇನ್ನೇನು ಬರುತ್ತದೆ?

ಅವಳಿಗೂ ಜನ ಹೇಳಿದ್ದರು. ಮದುವೆಗೆ ಹತ್ತು ದಿನವಿದ್ದಾಗ ನೆರೆಯ ಹೆಂಗಸೊಬ್ಬಳು ಕಡಲೆಹಿಟ್ಟು ಅರಿಶಿನ ಕಲಸುತ್ತ, "ದಪ್ಪಗೆ ಬಳೀರೆ, ಇವಳ ಬಣ್ಣಕ್ಕೆ ಒಂದು ಬಟ್ಟಲು ಸಾಲದು" ಎಂದಳು. ಖುರ್ಷೀದ್ ಬಟ್ಟಲನ್ನು ಎತ್ತಿ ಅವಳ ಕೈಗೇ ಕೊಟ್ಟು, "ಖಾಲಾ, ಉಳಿದದ್ದರಲ್ಲಿ ಪಕೋಡ ಕರೀರಿ. ನನ್ನ ಮುಖ ಬೆಂದಾಗಿದೆ" ಅಂದಳು. ಅಂಗಳವೆಲ್ಲ ನಕ್ಕಿತು. ಹೀಗೆ ಹೇಳಿದವಳ ಮಗಳು ನೀನು.

ಇದನ್ನು ಕುದ್ಸಿಯಾ ಬೇಗಂಗೆ ಓದಿ ತೋರಿಸು. ಬೇಕಿದ್ದರೆ ನನ್ನನ್ನು ಸುಳ್ಳುಗಾರ ಎಂದೂ ಹೇಳು.

ಬೆಳಕಿನ ವಿಷಯದಲ್ಲಿ ಆ ಫೋಟೋ ಸುಳ್ಳು. ಆದರೆ ಝೂಮರಿನ ವಿಷಯ ಇತಿಹಾಸ. ಅದರಲ್ಲಿ ನನಗೆ ಅನುಮಾನವಿಲ್ಲ.

ಮಾಮೂ

---

ಬಹಾವಲ್‌ಪುರ
6 ಡಿಸೆಂಬರ್ 1996

ಮಾಮೂಜಾನ್,

ಓದಿ ತೋರಿಸಿದೆ. ತಾಮ್ರದ ಪಟ್ಟಿಯನ್ನೂ ತಟ್ಟೆಯಲ್ಲಿಟ್ಟು ಚಹಾದ ಜೊತೆ ತಂದಿಟ್ಟೆ. ರಈಸಾ ಅತ್ತೆ ಬಾಗಿಲ ಹಿಂದೆ ನಿಂತು ದುಆ ಮಾಡುತ್ತಿದ್ದರು, ನನಗೋ ಸಂಬಂಧಕ್ಕೋ ಗೊತ್ತಿಲ್ಲ.

ಕುದ್ಸಿಯಾ ಬೇಗಂ ಪಟ್ಟಿಯನ್ನು ಮುಟ್ಟಲಿಲ್ಲ. ನನ್ನ ಕೆನ್ನೆಯನ್ನು ನೋಡಿದರು. ಆಮೇಲೆ ತಮ್ಮ ಕೈಗಳನ್ನು ಶಾಲಿನೊಳಗೆ ಎಳೆದುಕೊಂಡರು. ಆಗ ನಾನು ಗಮನಿಸಿದೆ, ಅವರ ಬೆರಳ ಗೆಣ್ಣುಗಳೆಲ್ಲ ಕಪ್ಪು, ಮುಖ ಮಾತ್ರ ಬೇರೆ.

"ಇಪ್ಪತ್ತೆಂಟು ವರ್ಷ ಆಯ್ತು. ನನ್ನ ಅತ್ತೆ ಕೊಟ್ಟ ಡಬ್ಬಿ" ಅಂದರು. "ಬಿಟ್ಟರೆ ಜಾಸ್ತಿ ಕಪ್ಪಾಗುತ್ತೆ ಅಂತ ಬಿಡಲೇ ಇಲ್ಲ."

"ಈಗ ಬಿಡಿ ಅಮ್ಮೀ. ಇಬ್ಬರೂ ಒಟ್ಟಿಗೆ ಕಪ್ಪಾಗೋಣ" ಅಂದೆ. ನಗುವರೋ ಬೈಯುವರೋ ತಿಳಿಯದೆ ಹೇಳಿಬಿಟ್ಟಿದ್ದೆ.

"ನಾಲಿಗೆ ಬಹಳ ಉದ್ದ ಇದೆ" ಅಂದರು.

"ನಮ್ಮ ಮನೆತನದ್ದು."

"ಗೊತ್ತಾಯ್ತು, ಕಾಗದ ಕೇಳಿದೆನಲ್ಲ" ಎಂದು ಚಹಾ ಕುಡಿದರು. ಪೂರ್ತಿ ಒಪ್ಪಿದರು ಎನ್ನಲಾರೆ. "ಹಾಲ್‌ನಲ್ಲಿ ನಾನೂರು ಜನ ಇರ್ತಾರೆ, ನೋಡೋಣ" ಎಂದೇ ಹೋದದ್ದು. ಒಂದು ಮಾತು ಮಾತ್ರ ನಾನೂ ಬಿಡಲಿಲ್ಲ: ಬಾರಾತಿಗೆ ಗುಲಾಬಿ ನಿಮ್ಮದು, ಝೂಮರ್ ನಿಮ್ಮಿಷ್ಟ. ವಲೀಮಾಕ್ಕೆ ಕೆಂಪು ನನ್ನದು, ಮುಖ ನನ್ನದು, ಝೂಮರ್ ಬಲಕ್ಕೆ.

ಬಾರಾತಿಗೆ ಇಲ್ಲಿಗೆ ಬನ್ನಿ. ಕರಾಚಿ ದೂರವೆಂದು ಗೊತ್ತು, ನಿಮ್ಮ ಮಂಡಿಗೆ ಆ ರೈಲು ಆಗದು. ವಲೀಮಾದ ಪ್ರತಿಯೊಂದನ್ನೂ ಬರೆಯುತ್ತೇನೆ.

ತಹ್ಮೀನಾ

---

ಕರಾಚಿ
2 ಜನವರಿ 1997

ಮಾಮೂಜಾನ್,

ಬಾರಾತಿನಲ್ಲಿ ನೀವು ಅತ್ತದ್ದನ್ನು ನೋಡಿದೆ. ಕನ್ನಡಕ ಒರೆಸಿದಿರಿ, ಸರಿ. ಈಗ ವಲೀಮಾ ಕೇಳಿ.

ಹನ್ನೊಂದಕ್ಕೆ ರೂಹೀ ಬಾಜಿಯ ಮುಂದೆ ಕೂತೆ. ಆಕೆ ದಂತದ ಬಣ್ಣದ ಸೀಸೆ ತೆರೆದಳು. ನಾನು ಮಣಿಕಟ್ಟು ಮುಂದೆ ಚಾಚಿದೆ. "ಇದಕ್ಕೆ ಹೊಂದಿಸಿ ಬಾಜಿ."

"ಜಾನೂ, ಆ ಬಣ್ಣ ನನ್ನ ಹತ್ರ ಬರೋದೇ ಇಲ್ಲ. ಯಾರೂ ಕೇಳಲ್ಲ."

"ಎರಡು ಸೀಸೆ ಕೊಡಿ, ಒಂದು ತಟ್ಟೆ ಕೊಡಿ."

ನಾನೇ ಕಲಸಿದೆ, ಮಾಮೂ. ಕಂದು ಐದು ಹನಿ, ಹಳದಿ ಮೂರು, ಕೆಂಪಿನ ಒಂದು ಚಿಟಿಕೆ. ಕಂಕುಳಲ್ಲಿ ಬಾಚಣಿಗೆ ಸಿಕ್ಕಿಸಿಕೊಂಡು ರೂಹೀ ಬಾಜಿ ಮೊದಲು ನಕ್ಕಳು, ಆಮೇಲೆ ಪೆನ್ನು ತಂದು ಹನಿಗಳನ್ನು ಬರೆದುಕೊಂಡಳು. "ಇಪ್ಪತ್ತು ವರ್ಷದಿಂದ ಹುಡುಗೀರನ್ನ ಅಳಿಸಿ ಬರೀತಿದ್ದೆ. ಇದೇ ಮೊದಲು ಇದ್ದದ್ದನ್ನೇ ಬರೆದದ್ದು" ಎಂದಳು. ಎಡಗೆನ್ನೆಯ ಕಲೆಯ ಮೇಲೆ ಮತ್ತೊಂದು ಪದರ ಹಾಕಲು ಬಂದಾಗ ಬೇಡವೆಂದೆ. ಕಣ್ಣಿಗೆ ಮಾತ್ರ ಕಾಡಿಗೆ ಎಷ್ಟು ಬೇಕಾದರೂ ಎಂದೆ. ಆಕೆ ಸೇಡು ತೀರಿಸಿಕೊಂಡಳು.

ಝೂಮರ್ ಎತ್ತಿಕೊಂಡಾಗ ನೀವು ಹೇಳಿದಂತೆಯೇ ಆಕೆಯ ಕೈ ಎಡಕ್ಕೆ ಹೋಯಿತು. ಹಿಡಿದು ಬಲಕ್ಕೆ ತಂದೆ.

ಘರಾರಾವನ್ನು ಹಿಂದಿನಿಂದ ಎತ್ತಿದವರು ಇಬ್ಬರು: ಮುನೀಬನ ಚಿಕ್ಕಪ್ಪನ ಮಗಳು ಅರೀಬಾ, ಇನ್ನೊಬ್ಬರು, ನಂಬುತ್ತೀರೋ ಇಲ್ಲವೋ, ಕುದ್ಸಿಯಾ ಬೇಗಂ. ಬೂಟಾನ ಅಂಚು ದೀಪದ ಕೆಳಗೆ ಎಲ್ಲಿ ಹಳೆಯದು ಎಲ್ಲಿ ಹೊಸತು ತಿಳಿಯದ ಹಾಗಿತ್ತು. ಹಾಲ್‌ನಲ್ಲಿ ನಾನೂರು ಜನ ತಿರುಗಿದರು. ಮೊದಲ ಸಾಲಿನಲ್ಲಿ ದೊಡ್ಡತ್ತೆ ಒಬ್ಬರು ಎಲ್ಲರಿಗೂ ಕೇಳುವಂತೆ ಅಂದರು: "ಅಯ್ಯೋ ಕುದ್ಸಿಯಾ, ಪಾರ್ಲರಿನವಳು ಪೌಡರ್ ಹಚ್ಚೋದು ಮರೆತಳಾ? ಝೂಮರ್ ಬೇರೆ ಉಲ್ಟಾ!"

ನಾನು ಅಲ್ಲೇ ನಿಂತೆ. ಹಿಂದಿನಿಂದ ದನಿ ಬಂತು.

"ಮರೆತಿಲ್ಲ ಆಪಾ. ಅದು ನನ್ನ ಸೊಸೆಯ ಅಮ್ಮನ ಬಣ್ಣ. ಅಳಿಸೋಕೆ ನಾವ್ಯಾರು? ಝೂಮರೂ ಉಲ್ಟಾ ಅಲ್ಲ, ಪಾಣಿಪತ್ತಿಂದು. ನಿಮ್ಮ ಮನೇಲಿ ಇತಿಹಾಸ ಓದಿದವರು ಯಾರೂ ಇಲ್ವಾ?"

ಮಾಮೂ, ನಾನು ಆ ವೇದಿಕೆಯವರೆಗೆ ಹೇಗೆ ನಡೆದೆ ಎಂದರೆ, ಆ ಮೂರು ಗಜ ಬಟ್ಟೆ ಹಗುರವಾಗಿತ್ತು. ಮುನೀಬ್ ಕಿವಿಯಲ್ಲಿ, "ಸದ್ಯ ನೀನೇ ಬಂದೆ. ಬಾರಾತ್ ದಿನ ಯಾರನ್ನೋ ತಂದು ಕೂರಿಸಿದ್ರು, ಹೆದರಿದ್ದೆ" ಅಂದ.

ಈಗ ನಿಮಗೊಂದು ಕೆಲಸ. ಅರೀಬಾಳ ಮದುವೆ ಈದ್ ಆದ ಮೇಲೆ, ಅವಳಿಗೂ ಝೂಮರ್ ಬಲಕ್ಕೇ ಬೇಕಂತೆ. ಅವಳ ಇಬ್ಬರು ಗೆಳತಿಯರಿಗೂ. ರೂಹೀ ಬಾಜಿ ಫೋಟೋದ ಆಲ್ಬಮಿನಲ್ಲಿ 'ಪಾಣಿಪತ್ ಶೈಲಿ' ಎಂದು ಹೊಸ ಪುಟ ತೆರೆದಿದ್ದಾಳೆ. ಗಾಜಿನ ಚೌಕಟ್ಟಿನಲ್ಲಿ ತೂಗುಹಾಕಲು ಆ ಪದ್ಧತಿಯ ಚರಿತ್ರೆಯನ್ನು ಎರಡು ಪುಟ ಬರೆದುಕೊಡಬೇಕಂತೆ, ಪ್ರೊಫೆಸರ್ ಸಾಹೇಬರ ಸಹಿ ಮತ್ತು ಪದವಿಗಳ ಸಮೇತ. ಅಜ್ಜಿಯ ಹೆಸರು, ಇಸವಿ ಬೇಕೇ ಬೇಕು.

ನಿಮ್ಮ ಗೋಧಿ ಬಣ್ಣದ
ತಹ್ಮೀನಾ

---

ಲಾಹೋರ್
8 ಜನವರಿ 1997

ಮಗಳೇ,

ನಿನ್ನ ಪತ್ರವನ್ನು ಗಲ್ಲಿಯಲ್ಲಿ ಓದದವರಿಲ್ಲ. ಸಿದ್ದೀಕ್ ಎರಡು ಸಲ ಓದಿಸಿಕೊಂಡು ಆ ದಿನ ಹಾಲಿಗೆ ನೀರು ಹಾಕಲಿಲ್ಲ. ಉಸ್ತಾದ್ ಬೂಟಾ ತನ್ನ ಅಂಚಿನ ಸಾಲು ಬಂದಾಗ ಸೂಜಿ ಕೆಳಗಿಟ್ಟು, "ಇನ್ನೊಂದ್ಸಲ ಓದಿ ಬಾವೂಜೀ" ಅಂದ. ಕುದ್ಸಿಯಾ ಬೇಗಂಗೆ ನನ್ನ ಸಲಾಂ ಹೇಳು. ನನ್ನ ತಂಗಿ ಆ ಹಾಲ್‌ನಲ್ಲಿ ಇದ್ದಿದ್ದರೆ ಅವರನ್ನು ಅಪ್ಪಿಕೊಳ್ಳುತ್ತಿದ್ದಳು. ನನ್ನ ಮನೆತನದಲ್ಲಿ ಈ ವರ್ಷ ತಲೆ ಎತ್ತಿ ನಡೆಯುವವನು ನಾನು, ಕತ್ತು ನೋಯುತ್ತಿದೆ.

ಎರಡು ಪುಟ ಬರೆಯಲು ಮೂರು ಸಲ ಕೂತೆ. ಶೀರ್ಷಿಕೆ ಬಂತು, ಮುಂದಕ್ಕೆ ಬರಲಿಲ್ಲ. ಗಾಜಿನ ಚೌಕಟ್ಟು ಎಂದರೆ ಭಯ ಕಣೇ. ಮಾತು ಗಾಳಿಯಲ್ಲಿದ್ದರೆ ಹಾರಿಹೋಗುತ್ತದೆ, ಮೊಳೆ ಹೊಡೆದರೆ ಉಳಿದುಬಿಡುತ್ತದೆ.

ಖುರ್ಷೀದಳ ಝೂಮರ್ ಎಡಕ್ಕೇ ಇತ್ತು. ಕತ್ತಲ ಕೋಣೆಯಲ್ಲಿ ನಾನು ಫಿಲ್ಮನ್ನು ತಿರುವುಮುರುವಾಗಿ ಇಟ್ಟು ಮುದ್ರಿಸಿದೆ. ಎಡವಿದವನು ನಾನು, ಬಲಕ್ಕೆ ಬಂದದ್ದು ಅವಳು. ಮದುವೆಯಾಗಿ ಹದಿನೈದು ದಿನಕ್ಕೆ ಅವಳು ಗಂಡನ ಮನೆಯವರೊಡನೆ ಬಂದಾಗ ಹೆಮ್ಮೆಯಿಂದ ಫೋಟೋ ಕೈಗಿತ್ತೆ. "ಭಾಯಿಜಾನ್, ನನ್ನ ಎಡವನ್ನ ಬಲ ಮಾಡಿಬಿಟ್ರಲ್ಲ!" ಎಂದು ನನ್ನ ಕಿವಿಯಲ್ಲಿ ಅಂದು ನಗಲು ಬಾಯಿ ತೆರೆದಳು. ಬೀಗರೆಲ್ಲ ನನ್ನನ್ನೇ ನೋಡುತ್ತಿದ್ದರು. ಇತಿಹಾಸ ಕಲಿಸುವವನಿಗೆ ಎಡಬಲ ತಿಳಿಯದು ಎಂದಾಗಬಾರದಲ್ಲ. "ಪಾಣಿಪತ್ತಿನ ಅಜ್ಜಿಯ ಪದ್ಧತಿ" ಎಂದುಬಿಟ್ಟೆ. ಅವಳು ಬಾಯಿ ಮುಚ್ಚಿ, ನನ್ನತ್ತ ನೋಡಿ, ಬೀಗರತ್ತ ತಿರುಗಿ, "ಹೌದೌದು, ಮದುವೆ ದಿನ ಅವಸರದಲ್ಲಿ ಎಡಕ್ಕೆ ಸಿಕ್ಕಿಸಿಬಿಟ್ಟಿದ್ರು, ಫೋಟೋ ತೆಗೆಯೋವಾಗ ನಾನೇ ಸರಿಮಾಡ್ಕೊಂಡೆ" ಅಂದಳು. ಅಲ್ಲಿಂದ ಮುಂದೆ, ಬದುಕಿದ್ದ ಅಷ್ಟು ವರ್ಷವೂ, ಯಾರ ಮದುವೆಗೆ ಹೋದರೂ ಬಲಕ್ಕೇ ಹಾಕಿದಳು. ಅಣ್ಣನ ಮಾನಕ್ಕೆ.

ಆದ್ದರಿಂದ ನೀನು ತೊಟ್ಟದ್ದು ಅಮ್ಮನ ಪದ್ಧತಿಯೇ. ಅರೀಬಾ ತೊಡಲಿ, ಅವಳ ಗೆಳತಿಯರೂ ತೊಡಲಿ. ರೂಹೀ ಬಾಜಿಗೆ ಚೌಕಟ್ಟು ಮಾತ್ರ ಬೇಡ ಎನ್ನು.

ಅಜ್ಜಿಯ ಹೆಸರು, ಇಸವಿ ಕೇಳಿದ್ದೀಯ. ನಮ್ಮ ಅಜ್ಜಿ ಗುಜ್ರಾನ್‌ವಾಲಾದವಳು, ಪಾಣಿಪತ್ತನ್ನು ಭೂಪಟದಲ್ಲೂ ಕಂಡವಳಲ್ಲ. ಅವಳ ತೊಡೆಯ ಮೇಲೆ ಕೂತು ಕಣ್ಣಾರೆ ಕಂಡೆ ಎಂದೆನಲ್ಲ, ಅವಳು ತೀರಿಕೊಂಡದ್ದು 1933ರಲ್ಲಿ. ನಾನು ಹುಟ್ಟಿದ್ದು 1935ರಲ್ಲಿ.

ಮಾಮೂ